ಜೇಬಿನ ಹಾಳೆ

ಪ್ರೀತಿಯ ತಂಗಿಗೆ,

ಗೌನ್ ಹೊಲಿಯಲು ನಾನು ಕೊಂಡು ನಿನಗೆ ಕೊಟ್ಟಿದ್ದ ಪ್ಯಾಟರ್ನ್, ಅದೇ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಮಾದರಿ, ವಾಪಸ್ ಬಂತು. ಅದರಲ್ಲಿ ಐದು ಅಳತೆಗೆ ಒಂದರೊಳಗೊಂದು ಐದು ಗೆರೆ ಇದ್ದವಲ್ಲವೇ? ನೀನು ಎಲ್ಲಕ್ಕಿಂತ ಒಳಗಿನ ಗೆರೆಗೇ ಕತ್ತರಿ ಹಾಕಿದ್ದೀಯ. ನನ್ನ ಗೆರೆ ಹೊರಗಿನದು. ಅದೀಗ ನಿನ್ನ ಕಸದ ಬುಟ್ಟಿಯಲ್ಲಿರಬೇಕು. ಆ ಚೂರುಗಳನ್ನು ಕಳಿಸು, ಅಂಟಿಸಿಕೊಳ್ಳುತ್ತೇನೆ.

ಮೊನ್ನೆ ನೀನು ಆ ಗೌನ್ ಹಾಕಿಕೊಂಡು ಬಂದು ಹೋದ ಮೇಲೆ ನಿನ್ನ ಭಾವ, "ನಿನ್ನ ತಂಗಿ ಏನ್ ಚೆನ್ನಾಗಿ ಹೊಲ್ದಿದಾಳೆ ಕಣೇ!" ಅಂತ ಮೂರು ಸಲ ಹೇಳಿದರು. ನನಗೇನೂ ಹೊಟ್ಟೆಕಿಚ್ಚಿಲ್ಲ.

ಜೇಬಿನ ಅಳತೆಯ ಹಾಳೆ ಪ್ಯಾಟರ್ನಿನ ಲಕೋಟೆಯಲ್ಲಿ ಇರಲಿಲ್ಲ ಅಂತ ಬೇರೆ ಬರೆದಿದ್ದೀಯ. ಇರುವುದಾದರೂ ಹೇಗೆ? ನಿನಗೆ ಕೊಡುವ ಮುಂಚೆ ನಾನೇ ತೆಗೆದಿಟ್ಟುಕೊಂಡಿದ್ದೆ. ಜೇಬಿಲ್ಲದೆಯೂ ಅದು ನಿನಗೆ ಅಷ್ಟು ಒಪ್ಪುತ್ತದೆ ಅಂತ ನನಗೇನು ಗೊತ್ತಿತ್ತು?

ಇಂತಿ,
ಹೊರಗಿನ ಗೆರೆಯ ನಿನ್ನ ಅಕ್ಕ