ಒಂದೇ ಬಾಗಿಲಿನ ಗಾಲಿಮನೆ

ಸಂಡೂರು ಗುಡ್ಡ, ನಾಲ್ಕನೇ ಮೆಟ್ಟಿಲು, ಹನ್ನೊಂದನೇ ತಾಣ
ಉರಿಗಾಲದ ಒಂಬತ್ತನೇ ದಿನ, 2184

ಈ ಗಾಲಿಮನೆಯಲ್ಲಿ ಅರವತ್ತು ವರ್ಷದ ನಂತರ ಮಲಗುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನೀವಿನ್ನೂ ಹುಟ್ಟಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಮುತ್ತಜ್ಜಿಗೂ ಇವು ಅರ್ಥವಾಗುತ್ತಿರಲಿಲ್ಲ. ಉರಿಗಾಲ ಎಂದರೆ ಬಯಲಿನ ಊರುಗಳಲ್ಲಿ ಬಿಸಿಲಿನ ಝಳಕ್ಕೆ ಶಾಲೆ, ಸಂತೆ ಎಲ್ಲಕ್ಕೂ ಬೀಗ ಬೀಳುವ ಮೂರು ತಿಂಗಳು. ಆಗ ಸಿಂಧನೂರಿನವರಾದ ನಾವು ಈ ಗುಡ್ಡ ಹತ್ತುತ್ತೇವೆ. ಹಿಂದೆ ಅದಿರಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದ ಗುಡ್ಡ ಇದು. ಈಗ ಆ ಮೆಟ್ಟಿಲುಗಳ ಮೇಲೆ ಹೊಂಗೆ, ಕಮರ ಬೆಳೆದಿವೆ. ಮರಗಳ ನಡುವೆ ಮನೆತನಕ್ಕೊಂದು ತಾಣ. ಅಲ್ಲಿ ಗಾಲಿಮನೆ ನಿಲ್ಲಿಸಿ, ಮೇಲೆ ನೆರಳುಬಟ್ಟೆ, ಅಂದರೆ ಹಗಲಿಡೀ ಬಿಸಿಲು ಕುಡಿದು ಸಂಜೆಗೆ ದೀಪ ಉರಿಸುವ ಚಾವಣಿ, ಎಳೆದರೆ ಸಂಸಾರ ಶುರು. ಮಂಚದಿಂದ ಕೈ ಚಾಚಿದರೆ ಒಲೆ ಸಿಗುತ್ತದೆ. ಕೆಂಪು ಧೂಳು ಮಾತ್ರ ಎಷ್ಟು ಒಗೆದರೂ ಬಟ್ಟೆ ಬಿಡುವುದಿಲ್ಲ. ನನಗೆ ಅದೂ ಇಷ್ಟವೇ.

ತಾಣ ಅವ್ವನದು. ಅವಳ ನಂತರ ನನಗೂ ತಂಗಿ ಗುರುದೇವಿಗೂ ಸೇರಿ ಬಂತು. ಅವ್ವ ಹಾಸಿಗೆ ಹಿಡಿದಾಗ, ದೂರದ ಊರಲ್ಲಿದ್ದ ತಂಗಿ ಗಾಬರಿಯಾದಾಳೆಂದು ನಾನು ಸುದ್ದಿ ಮುಚ್ಚಿಟ್ಟೆ. ಅವಳು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಎರಡು ವರ್ಷ ಅವಳು ನನ್ನೊಡನೆ ಮಾತು ಬಿಟ್ಟಳು, ಗುಡ್ಡಕ್ಕೂ ಬರಲಿಲ್ಲ. ತಪ್ಪು ನನ್ನದೇ. ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ನಾನು ಮೊದಲಿನಿಂದಲೂ ಹಟಮಾರಿ.

ಹೋದ ವರ್ಷ ಹಳೆಯ ಗಾಲಿಮನೆಯ ನೆಲ ತುಕ್ಕು ಹಿಡಿದು ಕುಸಿಯಿತು. ಹೊಸದನ್ನು ಆರಿಸಲು ಇಬ್ಬರೂ ಹೋಗಲೇಬೇಕಿತ್ತು, ಏಕೆಂದರೆ ನಮ್ಮಲ್ಲಿ ಅಡಿಗೆ ಪರೀಕ್ಷೆ ಎಂಬ ಪದ್ಧತಿ ಇದೆ. ಯಾರು ಯಾರು ಇರುವವರೋ ಅವರೆಲ್ಲ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಅಡಿಗೆ ಮಾಡಿ ಉಂಡು ಬರಬೇಕು. ಆಮೇಲೆಯೇ ಗಾಲಿಮನೆ ಮಾರುವ ಹುಸೇನಪ್ಪ ಬೀಗದ ಕೈ ಕೊಡುವುದು.

ನಾನು ಎರಡು ಬಾಗಿಲಿನದನ್ನು ನೋಡಿಟ್ಟಿದ್ದೆ. ನಡುವೆ ಗೋಡೆ, ಆಚೆಗೊಂದು ಒಲೆ, ಈಚೆಗೊಂದು ಒಲೆ. ಮಾತಾಡದಿದ್ದರೂ ಸೈ, ತಂಗಿ ಗುಡ್ಡಕ್ಕೆ ಬಂದರೆ ಸಾಕು ಎಂದುಕೊಂಡಿದ್ದೆ. ನಾನು ಈಚೆ ನುಚ್ಚು ಬೇಯಿಸಿದೆ, ಅವಳು ಆಚೆ ಬದನೆ ಎಣ್ಣೆಗಾಯಿ ಮಾಡಿದಳು. ಗೋಡೆ ದಾಟಿ ಅವ್ವನ ಕೈಯಡಿಗೆಯದೇ ವಾಸನೆ ಬಂತು. ನಾನು ಬರೀ ನುಚ್ಚು ನುಂಗಿದೆ. ಹುಸೇನಪ್ಪ ಎರಡೂ ಬಾಗಿಲಲ್ಲಿ ಇಣುಕಿ, "ಇದೇನ್ರವ್ವ, ಒಂದು ತಾಣಕ್ಕ ಎರಡು ಊರು ಕಟ್ಟಾಕ ಹೊಂಟೀರೇನು? ಕೂಡಿ ಉಂಡಿಲ್ಲ, ಪರೀಕ್ಷೆ ಫೇಲು" ಎಂದು ಪಕ್ಕದ ಒಂದೇ ಬಾಗಿಲಿನದಕ್ಕೆ ನಮ್ಮಿಬ್ಬರನ್ನೂ ಅಟ್ಟಿದ.

ನೀವೀಗ ಕೂತಿರುವುದು ಅದರಲ್ಲೇ. ಒಲೆಗೂ ಮಂಚಕ್ಕೂ ನಡುವಿನ ಓಣಿ ಎಷ್ಟು ಇಕ್ಕಟ್ಟೆಂದು ನಿಮಗೆ ಹೇಳಬೇಕಿಲ್ಲ. ನಾನು ತಟ್ಟೆ ತೊಳೆಯುತ್ತ ಅಡ್ಡ ನಿಂತಿದ್ದೆ. ಬೆನ್ನ ಹಿಂದೆ ಗುರುದೇವಿ ಮತ್ತೆ ಕಾಯಿಸಿದ ಎಣ್ಣೆಗಾಯಿಯ ಬಿಸಿ ಪಾತ್ರೆ ಹಿಡಿದು ಬಂದಳು. ದಾಟಲು ದಾರಿಯಿಲ್ಲ, ಇಡಲು ಜಾಗವಿಲ್ಲ, ಕೈ ಸುಡುತ್ತಿದೆ. ಆದರೂ ಹಿಡಿ ಬದಲಿಸುತ್ತ ನಿಂತಳು. ಅವಳೂ ಅದೇ ಹಟದ ಅವ್ವನ ಮಗಳೇ. ಕೊನೆಗೆ, "ಅಕ್ಕಾ, ಆ ಕಡೆ ಸರಿ. ಬಿಸಿ ಐತಿ" ಎಂದಳು.

ಎರಡು ವರ್ಷದ ಮೇಲೆ ಮೊದಲ ಮಾತು. ನಾನು ಸರಿಯಲಿಲ್ಲ, ತಿರುಗಿ ಸೆರಗಿನಿಂದ ಪಾತ್ರೆಯ ಇನ್ನೊಂದು ಬದಿ ಹಿಡಿದುಕೊಂಡೆ. ಅಳು ಬಂತು. "ತಪ್ಪಾತವ್ವ, ನಿನಗ ಹೇಳಬೇಕಿತ್ತು" ಎಂದೆ. ಕ್ಷಮಿಸಿದೆ ಎಂದೇನೂ ಅವಳು ಹೇಳಲಿಲ್ಲ. "ಮೊದಲ ಉಣ್ಣು" ಎಂದಳು. ಈಗ, ಈ ನಡುಮಧ್ಯಾಹ್ನ, ಮೇಲಿನ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಬರೆಯಲು ಬಿಡುತ್ತಿಲ್ಲ.

ಒಂದೇ ಒಂದು ಕೋರಿಕೆ. ಹಿಂಬದಿಯ ಗೋಡೆಯಲ್ಲಿ ಬೇಕಾದರೆ ಇನ್ನೊಂದು ಬಾಗಿಲು ಕೊರೆಯಲೆಂದು ಕಟ್ಟಿದವರೇ ಗೀರು ಹಾಕಿದ ಜಾಗವಿದೆ. ನಿಮ್ಮಲ್ಲೂ ಯಾರೋ ಇಬ್ಬರು ಒಂದು ದಿನ ಮಾತು ಬಿಡುತ್ತಾರೆ. ಆಗ ಅದನ್ನು ಕೊರೆಯಿಸಿಬಿಡೋಣ ಎನಿಸುತ್ತದೆ. ಕೊರೆಯಿಸಬೇಡಿ. ಒಲೆ ಹಚ್ಚಿ, ಓಣಿಯಲ್ಲಿ ಅಡ್ಡ ನಿಂತುಕೊಳ್ಳಿ.

ನಿಮ್ಮ ಹಟಮಾರಿ ಅಜ್ಜಿ,
ನೀಲಗಂಗಾ