ದಿಣ್ಣೆ ಹೊಲದ ಮಣ್ಣು

ಪೂರಿಗಾಲಿ
೮ ಮಾರ್ಚ್ ೧೯೪೫

ಬೆಂಗಳೂರಿನಲ್ಲಿ ಕೂತು ನಮ್ಮೂರಿನ ಮಣ್ಣು ಓದುತ್ತಿರುವ ನಮ್ಮ ಮನೆಯವರಿಗೆ ಇಂದ್ರಮ್ಮನ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನೀವು ಚೆನ್ನಾಗಿಲ್ಲ ಅಂತ ನಿಮ್ಮ ಕಾಗದ ನೋಡಿದರೇ ಗೊತ್ತಾಗುತ್ತದೆ. ಅಬ್ಬಾ, ಅದೆಷ್ಟು ಗಾಬರಿ! ಮಾವನವರಿಗೆ ಓದಿ ಹೇಳುವಷ್ಟರಲ್ಲಿ ನನಗೇ ಉಸಿರು ಕಟ್ಟಿತು. ನಾನು ಕಳಿಸಿದ ಎರಡು ಗಂಟು ಮಣ್ಣನ್ನೂ ಕಾಲೇಜಿನಲ್ಲಿ ನೀರಿಗೆ ಹಾಕಿ, ಸೋಸಿ, ಕಾಯಿಸಿ ನೋಡಿದಿರಂತೆ. ಕೆರೆ ಕೆಳಗಿನ ಗದ್ದೆಯಲ್ಲಿ ಚೌಳು ಇರುವುದು ನಮಗೆ ಗೊತ್ತಿದ್ದದ್ದೇ. ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದು ಪೈರು ಸುಟ್ಟು ಹೋಗುವುದನ್ನು ವರ್ಷಾ ವರ್ಷಾ ನೋಡುತ್ತಿದ್ದೇವೆ. ಆದರೆ ದಿಣ್ಣೆ ಹೊಲದ ಕೆಮ್ಮಣ್ಣಿನಲ್ಲಿ ಅದಕ್ಕಿಂತಲೂ ಹೆಚ್ಚು ಉಪ್ಪು ಕಂಡಿತಂತೆ. ಚೌಳು ದಿಣ್ಣೆಗೂ ಹತ್ತಿದರೆ ರಾಗಿಯೂ ಹೋದಂತೆ, ಪರೀಕ್ಷೆ ಆಮೇಲೆ ನೋಡೋಣ, ನಾನೇ ಬಂದು ಅಗೆದು ನೋಡುತ್ತೇನೆ ಅಂತ ಬರೆದಿದ್ದೀರಿ.

ದಮ್ಮಯ್ಯ ಅನ್ನುತ್ತೇನೆ, ಬರಬೇಡಿ.

ನಿಮ್ಮ ಕಾಗದ ಕೇಳಿ ಅತ್ತೆಯವರು ಮೊರ ಕೆಳಗಿಟ್ಟು, "ಚಿಕ್ಕಮಾದುಂಗೆ ತಲೆ ನೆಟ್ಟಗೈತಾ? ಉಪ್ಪೇನು ಕಾಲಿರೋ ಮೇಕೆನಾ, ದಿಣ್ಣೆ ಅತ್ತಕ್ಕೆ?" ಅಂದರು. ನನಗೆ ನಗು ಬಂತು. ಮಾವನವರು ಮಾತ್ರ ನಗಲಿಲ್ಲ. ಟವಲ್ಲು ಹೆಗಲಿಗೆ ಹಾಕಿಕೊಂಡು ಸೀದಾ ದಿಣ್ಣೆಗೆ ಹೋದರು. ಊಟದ ಹೊತ್ತಾದರೂ ಬರಲಿಲ್ಲ. ಅತ್ತೆಯವರು ಹೋಗಿ ನೋಡಿದರೆ ಬದುವಿನ ಮೇಲೆ ಕೂತು ಒಂದು ಹಿಡಿ ಮಣ್ಣು ಹಿಸುಕುತ್ತಿದ್ದರಂತೆ. "ಮಣ್ಣು ಓದಕ್ಕೆ ಮಗನ್ನ ಕಳಿಸ್ದ ಬೋರಯ್ಯ ಅಂತ ಊರೆಲ್ಲ ನಗ್ತಿತ್ತು. ಈಗ ಓದ್ದೋನೇ ಏಳವ್ನೆ. ಸುಳ್ಳಾಯ್ತದಾ?" ಅಂದರಂತೆ. ಸಾಯಂಕಾಲ ಮುದ್ದೆಯನ್ನು ಅರ್ಧ ತಿಂದು ಕೈ ತೊಳೆದುಬಿಟ್ಟರು. ಉಳಿದ ಮುದ್ದೆ ಎತ್ತಿಟ್ಟು, ಹೇಳಿಬಿಡೋಣ ಅಂತ ಅವರೆದುರು ಹೋಗಿ ನಿಂತೆ. ಯಾಕೆಂದರೆ ತಪ್ಪು ದಿಣ್ಣೆಯದಲ್ಲ, ನಿಮ್ಮ ಓದಿನದೂ ಅಲ್ಲ, ನನ್ನದು.

ಬೈಯಬೇಡಿ, ಕೇಳಿ. ದಿಣ್ಣೆ ಹೊಲದ ಗಂಟನ್ನು ಕಟ್ಟಿ ಜಗಲಿಯ ಮೇಲೆ ಇಟ್ಟಿದ್ದೆ. ಕೋಳಿಗಳು ಕೆದರಿ ಮುಕ್ಕಾಲು ಪಾಲು ಚೆಲ್ಲಿಬಿಟ್ಟವು. ಅಷ್ಟರಲ್ಲಿ ಮಳವಳ್ಳಿ ಬಸ್ಸಿನ ಶಫೀವುಲ್ಲಾ ಅಣ್ಣ ಬಾಗಿಲಿಗೆ ಬಂದು, "ಬೇಗ ಕೊಡಮ್ಮ, ಮದ್ದೂರಲ್ಲಿ ರೈಲು ನಂಗೋಸ್ಕರ ಕಾಯ್ತದಾ?" ಅಂತ ಅವಸರ ಮಾಡಿದರು. ಮತ್ತೆ ದಿಣ್ಣೆಗೆ ಹೋಗಿಬರುವಷ್ಟು ಹೊತ್ತೆಲ್ಲಿತ್ತು? ಹಿತ್ತಿಲಿಗೆ ಹೋಗಿ ಕೈಗೆ ಸಿಕ್ಕ ಮಣ್ಣು ತುಂಬಿ ಕೊಟ್ಟುಬಿಟ್ಟೆ. ಅದು ಬಚ್ಚಲ ಹಿಂದಿನ ಜಾಗ. ಒಲೆಯ ಬೂದಿ, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ಗಲೀಜು ಎಲ್ಲ ಸೇರುವುದು ಅಲ್ಲಿಗೇ. ಮಣ್ಣೆಲ್ಲ ಒಂದೇ ಅಂದುಕೊಂಡಿದ್ದೆ. ನಿಮ್ಮ ಮೇಷ್ಟ್ರು ಚೌಳಿದೆಯೋ ಇಲ್ಲವೋ ಅಂತ ಮಣ್ಣನ್ನು ನಾಲಿಗೆಯ ಮೇಲೂ ಇಟ್ಟು ನೋಡುತ್ತಾರೆ ಅಂತ ಹೇಳಿದ್ದಿರಲ್ಲ, ಇದನ್ನೂ ಇಟ್ಟರೇನೋ! ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಅವರಿಗೆ ಮಾತ್ರ ಹೇಳಬೇಡಿ.

ಬಚ್ಚಲ ಮಣ್ಣಿನ ಸಂಗತಿ ಹೇಳಿದ ಮೇಲೆ ಮಾವನವರ ಮುಖಕ್ಕೆ ಕಳೆ ಬಂತು. ಬೆಳಿಗ್ಗೆ ತಾವೇ ಗುದ್ದಲಿ ತೆಗೆದುಕೊಂಡು ಹೋಗಿ, ನೀವು ಹೇಳಿದ ಹಾಗೆ ಮೇಲಿನ ಕಸ ಕೆರೆದು, ಮೊಣಕೈ ಆಳ ಅಗೆದು ತಂದಿದ್ದಾರೆ. ಈ ಕಾಗದದ ಜೊತೆಗಿರುವ ಗಂಟು ಅದೇ. ಶಫೀವುಲ್ಲಾ ಅಣ್ಣ ತಮ್ಮ ಇದ್ದಿಲಲ್ಲಿ ಓಡುವ ಬಸ್ಸಿಗೆ ಏನೋ ಸಾಮಾನು ತರಲು ಮತ್ತೆ ಬೆಂಗಳೂರಿಗೆ ಬರುತ್ತಿದ್ದಾರೆ. ಹುರಿಹಿಟ್ಟನ್ನು ಬೇರೆ ಡಬ್ಬಿಯಲ್ಲಿ ಕಟ್ಟಿದ್ದೇನೆ. ನಿಮ್ಮ ಆತುರಕ್ಕೆ ಅದನ್ನೂ ಕಾಯಿಸಿ ನೋಡೀರಿ!

ಹೋದ ವರ್ಷವೂ ಹೀಗೇ ಪರೀಕ್ಷೆ ಬಿಟ್ಟು ಓಡಿ ಬಂದಿರಿ. ಬಸಿರು ಇಳಿದು ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ನೀವು ಬಂದು ಪಕ್ಕದಲ್ಲಿ ಕೂತದ್ದು ನನಗೆ ಎಷ್ಟು ಬೇಕಾಗಿತ್ತು ಅನ್ನುವುದು ನನಗೇ ಗೊತ್ತು. ಆದರೆ ನಿಮ್ಮ ವರ್ಷ ಹೋಯಿತು. ಬೇಸಿಗೆಯೆಲ್ಲ ಜಗಲಿಯ ಮೇಲೆ ಕೂತು ಒಂದೇ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಿರಿ. ನನ್ನಿಂದಲೇ ಹೀಗಾಯಿತು ಅಂತ ಒಳಗೊಳಗೇ ಅಳುತ್ತಿದ್ದೆ. ಈ ಸಲ ಹಾಗಾಗುವುದು ಬೇಡ. ಪರೀಕ್ಷೆ ಮುಗಿಸಿಯೇ ಬನ್ನಿ.

ನನ್ನ ಚಿಂತೆ ಬೇಡ. ಅತ್ತೆಯವರು ಈಚೆಗೆ ನನ್ನನ್ನು ನೀರಿಗೂ ಕಳಿಸುವುದಿಲ್ಲ, ಬೀಸುವುದಕ್ಕೂ ಬಿಡುವುದಿಲ್ಲ. ಸೊಸೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ.

ನಿಮ್ಮ
ಇಂದ್ರ

ಮರೆತದ್ದು: ಮರೆತದ್ದೇನು, ಮುಚ್ಚಿಟ್ಟದ್ದು. ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ನಮ್ಮ ಮನೆಯಲ್ಲಿ ಕೋಳಿ ಎಲ್ಲಿವೆ? ಉಳಿದಿದ್ದ ಒಂದನ್ನು ದೀಪಾವಳಿಗೆ ಬಂದಾಗ ನೀವೇ ತಿಂದು ಹೋದಿರಿ. ಆಮೇಲೆ ಸಾಕಿಲ್ಲ ಅಂತ ನಾನೇ ಬರೆದಿದ್ದೆ. ಈ ಸುಳ್ಳು ಓದಿದರೆ ನೀವು ಇನ್ನೂ ಅನುಮಾನಪಟ್ಟು ಅಗೆದು ನೋಡಲು ಹೊರಟೇ ಬಿಡುತ್ತೀರಿ.

ದಿಣ್ಣೆ ಮಣ್ಣು ಖಾಲಿ ಮಾಡಿದವಳು ನಾನೇ. ಅಯ್ಯೋ, ಅದರ ವಾಸನೆ ನಿಮಗೆ ಹೇಗೆ ಹೇಳಲಿ! ಒಂದು ಸಣ್ಣ ಹೆಂಟೆ ಬಾಯಿಗೆ ಹಾಕಿಕೊಂಡೆ, ಇನ್ನೊಂದು ಹಾಕಿಕೊಂಡೆ, ಶಫೀವುಲ್ಲಾ ಅಣ್ಣ ಬರುವ ಹೊತ್ತಿಗೆ ಗಂಟಿನಲ್ಲಿ ಬಟ್ಟೆಯೇ ಹೆಚ್ಚಾಗಿತ್ತು. ಅತ್ತೆಯವರಿಗೆ ನನ್ನ ಹಲ್ಲು ನೋಡಿಯೇ ಗೊತ್ತಾಯಿತು. "ಇಂಗೆ ಮಣ್ಣು ತಿಂದ್ರೆ ಎಂಗಮ್ಮ" ಅಂತ ಗದರಿ ಬಾಯಿ ತೊಳೆಸಿದರು. "ಅವನ್ಗೆ ಏಳ್ಬ್ಯಾಡ ಕಣಮ್ಮ, ಏಳುದ್ರೆ ಪರೀಕ್ಸೆ ಬುಟ್ಟು ಬಂದ್ಬುಡ್ತಾನೆ" ಅಂತ ಮಾತು ತೆಗೆದುಕೊಂಡರು. ಆ ಮಾತನ್ನು ಈಗ ಮುರಿಯುತ್ತಿದ್ದೇನೆ.

ಹೋದ ಸಲ ಕಳೆದುಕೊಂಡ ತಿಂಗಳು ದಾಟಿತು. ಮೊನ್ನೆ ಒಳಗೆ ಮಿಸುಕಿತು ಕೂಡ. ನನಗೆ ಭಯವಿಲ್ಲ ಅಂದರೆ ಅದೂ ಸುಳ್ಳೇ. ಭಯವಿದೆ. ನೀವು ಪಕ್ಕದಲ್ಲಿರಬೇಕು ಅಂತ ಆಸೆಯೂ ಇದೆ. ಆದರೂ ಈಗ ಬಂದರೆ ಬಾಗಿಲು ತೆಗೆಯುವುದಿಲ್ಲ, ನೋಡಿ.

ದಿಣ್ಣೆ ಹೊಲದಲ್ಲಿ ಚೌಳಿಲ್ಲ ಅಂತ ಧೈರ್ಯವಾಗಿ ಬರೆಯಿರಿ. ನಾಲಿಗೆಯ ಮೇಲಿಟ್ಟು ನೋಡಿದ್ದೇವೆ, ನಾನೂ ನಿಮ್ಮ ಮಗುವೂ.