ಸರ್ವರ್ ಎದ್ದಿತ್ತು, ಪಟ್ಟಿ ಮಲಗಿತ್ತು

ಮಾರ್ಚ್ 3, ಬೆಳಿಗ್ಗೆ 8.10

ಬಂದ ಕೂಡಲೇ ಲಾಗ್ ನೋಡಿದೆ. ನನ್ನ ಹನ್ನೆರಡು ಸಾಲಿನ ಸ್ಕ್ರಿಪ್ಟ್ ಐದು ನಿಮಿಷಕ್ಕೊಂದು ಸಲ ಆಸ್ಪತ್ರೆ ಸರ್ವರ್‌ನ ಕೂಗಿ, ಓಗೊಟ್ಟರೆ "ಓಕೆ" ಅಂತ ಬರೆದಿಡುತ್ತೆ. ಎಲ್ಲಾ ಓಕೆ. ಡಯಾಲಿಸಿಸ್ ವಾರ್ಡಿನ ಹೆಡ್ ನರ್ಸ್ ಇಣುಕಿ, ನಿನ್ನ ಕೂಸು ಉಸಿರಾಡ್ತಿದೆಯಾ ಅಂತ ಕೇಳಿ ಹೋದರು. ದಿನಾ ಇದೇ ಪ್ರಶ್ನೆ. ದಿನಾ ನಗು ಬರುತ್ತೆ. ಯಾರಿಗೆ ಯಾವತ್ತು ಸರದಿ — ಅವರ ಪಟ್ಟಿ ಪೂರ್ತಿ ಈ ಸರ್ವರ್‌ನಲ್ಲೇ. ರೋಗಿಗಳು ಮನೇಲೇ ಫೋನಲ್ಲಿ ನೋಡ್ಕೊಂಡು ಬರ್ತಾರೆ.

ಮಾರ್ಚ್ 12, ಮಧ್ಯಾಹ್ನ

ಸರ್ವರ್ ಡಿಸ್ಕ್ ತುಂಬಿ, ಪಟ್ಟಿ ಭಾನುವಾರದಲ್ಲೇ ನಿಂತುಬಿಟ್ಟಿದೆ. ಪಟ್ಟಿಯ ಪುಟ ತೆರೀತಾ ಇತ್ತಲ್ಲ, ಅದಕ್ಕೇ ಸ್ಕ್ರಿಪ್ಟ್ ಓಕೆ ಅಂತಲೇ ಬರೀತಿತ್ತು. ವಾರ್ಡಿಗೆ ಬರೋ ರೋಗಿ, ಟೈಲರ್ ಒಬ್ಬರ ಸರದಿ ನಿನ್ನೆಗೆ ಬದಲಾಗಿತ್ತು. ಅವರಿಗೆ ಕಂಡಿದ್ದು ಹಳೇ ಪಟ್ಟಿ — ಸರದಿ ನಾಳೆ ಅಂತ. ಬಂದೇ ಇಲ್ಲ. ನಿನ್ನೆ ಹೆಡ್ ನರ್ಸ್ ರಜೆ, ಬೇರೆ ಯಾರೂ ಗಮನಿಸಿಲ್ಲ. ಫೋನ್ ಎತ್ತುತ್ತಿಲ್ಲ...

ಅದೇ ದಿನ, ಸಂಜೆ 6

ಹೆಡ್ ನರ್ಸ್ ಜೊತೆ ಅವರ ಅಂಗಡಿಗೇ ಹೋದೆ. ಟೈಲರ್ ಹೊಲೀತಾ ಕೂತಿದ್ದರು, ಕಾಲು ಊದಿ ಚಪ್ಪಲಿ ಹಿಡೀತಿಲ್ಲ. ಫೋನ್ ಬಟ್ಟೆ ರಾಶಿ ಕೆಳಗೆ. ಇಬ್ಬರೂ ಹಿಡ್ಕೊಂಡು ಎರಡು ಮಹಡಿ ಇಳಿಸಿದೆವು, ನಿಂತು ನಿಂತು. ಅಷ್ಟು ಏದುಸಿರಲ್ಲೂ ನನ್ನ ಅಂಗಿ ತೋಳಿನ ಹೊಲಿಗೆ ಬಿಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಬಿಚ್ಚಿಕೊಡು, ಹಾಕ್ಕೊಡ್ತೀನಿ ಅಂದರು. ಅಳು ತಡೆಯಕ್ಕಾಗಲಿಲ್ಲ.

ಈಗ ಡಯಾಲಿಸಿಸ್ ನಡೀತಿದೆ. ಅಪಾಯ ಇಲ್ಲವಂತೆ.

ತಪ್ಪು ನಂದು ಅಂದೆ. ಹೆಡ್ ನರ್ಸ್ ಟೈಲರ್ ಹೊದಿಕೆ ಸರಿಮಾಡ್ತಾ ಅಂದರು:

"ನಾಡಿ ಮಾತ್ರ ಹಿಡಿದು ನೋಡಿ ನಾನು ಯಾರನ್ನೂ ಮನೆಗೆ ಕಳಿಸಿಲ್ಲ. ಮುಖ ನೋಡ್ತೀನಿ. ಮಾತಾಡಿಸ್ತೀನಿ. ನಿನ್ನ ಸ್ಕ್ರಿಪ್ಟಿಗೂ ಅಷ್ಟು ಕಲಿಸು."

ಮಾರ್ಚ್ 13

ಕಲಿಸಿದೆ. ಇನ್ನೆರಡು ಸಾಲು, ಅಷ್ಟೇ. ಪುಟದಲ್ಲಿ ಇವತ್ತಿನ ತಾರೀಖು ಇದೆಯಾ? ಡಿಸ್ಕಲ್ಲಿ ಜಾಗ ಇದೆಯಾ? ಇಲ್ಲದಿದ್ರೆ ನನಗೆ ಮೆಸೇಜ್. ಬೇಕಂತಲೇ ಹಳೇ ಪಟ್ಟಿ ಇಟ್ಟು ನೋಡಿದೆ — ತಕ್ಷಣ ಬಂತು.

ಏಪ್ರಿಲ್ 30, ಸಂಜೆ 4

ಹೆಡ್ ನರ್ಸ್ ಇವತ್ತು ರಿಟೈರ್. ಅವರಿಗೆ ಅಂತ ಟೈಲರ್ ಒಂದು ಚೀಲ ಹೊಲಿದು ತಂದಿದ್ದರು, ಒಳಗೆ ನಾಲ್ಕು ಜೇಬು. ಎಲ್ಲರಿಗೂ ಹೋಗಿಬರ್ತೀನಿ ಅಂತ ಹೇಳಿಯಾದ ಮೇಲೆ ಹೆಡ್ ನರ್ಸ್ ನನ್ನ ರೂಮಿಗೆ ಬಂದರು. ಪಟ್ಟಿ ನಿಂತರೆ ನನಗೂ ಮೆಸೇಜ್ ಬರೋ ಹಾಗೆ ಮಾಡು ಅಂದರು. ಇನ್ನಾದ್ರೂ ನೆಮ್ಮದಿಯಾಗಿರಿ ಅಂದೆ.

"ಅದಕ್ಕೇ ಕೇಳ್ತಿರೋದು. ಮೆಸೇಜ್ ಬರದೇ ಇದ್ರೆ ನೆಮ್ಮದಿಯಾಗಿರ್ತೀನಿ."

ನಂಬರ್ ಸೇರಿಸಿ ಟೆಸ್ಟ್ ಮೆಸೇಜ್ ಕಳಿಸಿದೀನಿ. ಇನ್ನೂ ತಲುಪಿಲ್ಲ. ಪಕ್ಕದ ಕುರ್ಚೀಲೇ ಇದಾರೆ, ಫೋನ್ ಅಂಗೈಲಿಟ್ಟುಕೊಂಡು, ಕನ್ನಡಕ ಏರಿಸಿ. ಬಂದ ಕೂಡಲೇ ಎದ್ದು ಹೊರಡ್ತಾರೆ. ತಡ ಆದ್ರೆ ಆಗ್ಲಿ ಅನ್ನಿಸ್ತಿದೆ, ಇನ್ನೊಂದು ಸ್ವಲ್ಪ ಹೊ—